ಸ್ವಲೀನತೆಯ ವರ್ಗೀಕರಣ

ಸಸ್ಯಶಾಸ್ತ್ರಜ್ಞನು ಹೂವನ್ನು ಬಿಡಿಸಿ, ಕೇಸರಗಳನ್ನೆಣಿಸಿ, ಗಿಡದ ಕುಲವನ್ನು ಹೇಳಬಲ್ಲನು. ಮಕ್ಕಳ ಬೆಳವಣಿಗೆಯ ತೊಡಕುಗಳನ್ನು ವರ್ಗೀಕರಿಸುವ ವೈದ್ಯನಿಗೆ ಆ ಸೌಕರ್ಯವಿಲ್ಲ. ಸ್ವಲೀನತೆ, ಎಂದರೆ ಆಟಿಸಂ, ರಕ್ತಪರೀಕ್ಷೆಯಲ್ಲಿ ಕಾಣುವಂತಹದಲ್ಲ. ನಡವಳಿಕೆಯನ್ನು ನೋಡಿಯೇ ಹೆಸರಿಡಬೇಕು. ಆದುದರಿಂದಲೇ ಹೆಸರುಗಳು ಮತ್ತೆ ಮತ್ತೆ ಬದಲಾಗಿವೆ.

ಅಳದಂಗಡಿಯ ಸುತ್ತಿನಲ್ಲಿ ಮೂವರು ಮಕ್ಕಳಿರುವರೆಂದು ಭಾವಿಸೋಣ. ಮೊದಲನೆಯವನಿಗೆ ನಾಲ್ಕು ವರ್ಷ. ಮಾತು ಬಂದಿಲ್ಲ, ಕರೆದರೆ ತಿರುಗಿ ನೋಡನು, ತೆಂಗಿನ ಗೆರಟೆಯನ್ನು ಗಂಟೆಗಟ್ಟಲೆ ತಿರುಗಿಸುತ್ತಿರುವನು. ಮನೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ, ಅದರಿಂದಲೇ ಗಲಿಬಿಲಿ ಎನ್ನುವವರುಂಟು. ಅದು ಬರಿಯ ತಪ್ಪುಕಲ್ಪನೆ. ಎರಡು ಭಾಷೆಗಳಿಂದ ಸ್ವಲೀನತೆ ಬಾರದು. ಎರಡನೆಯವನು ಹತ್ತು ವರ್ಷದ ಜಾಣ. ಗುರುವಾಯನಕೆರೆಯಿಂದ ಬರುವ ಬಸ್ಸುಗಳ ವೇಳೆಯೆಲ್ಲ ಅವನಿಗೆ ಬಾಯಿಪಾಠ. ಕೇಳುವವರಿಗೆ ಬೇಸರವಾಯಿತೆಂಬುದು ಮಾತ್ರ ತಿಳಿಯದು. ಮೂರನೆಯವಳು ಒಂದೂವರೆ ವರ್ಷದವರೆಗೆ ಎಲ್ಲರಂತೆ ಬೆಳೆದು, ಬಳಿಕ ಕಲಿತ ಮಾತನ್ನೂ ಕೈಯ ಹಿಡಿತವನ್ನೂ ಕಳೆದುಕೊಂಡು, ಸದಾ ಕೈ ಹೊಸೆಯುತ್ತಿರುವಳು.

1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ವರ್ಣಿಸಿದ 11 ಮಕ್ಕಳನ್ನು ನಮ್ಮ ಮೊದಲನೆಯವನು ಹೋಲುವನು. ಮರುವರ್ಷ ವಿಯೆನ್ನಾದಲ್ಲಿ ಹಾನ್ಸ್ ಆಸ್ಪರ್ಗರ್ ವರ್ಣಿಸಿದವರನ್ನು ಎರಡನೆಯವನು. ಆದರೂ 1968ರ ಅಮೆರಿಕದ ಮನೋವೈದ್ಯ ಕೈಪಿಡಿಯು ಸ್ವಲೀನ ವರ್ತನೆಯನ್ನು ಬಾಲ್ಯದ ಸ್ಕಿಜೋಫ್ರೇನಿಯದೊಳಗೆ ಸೇರಿಸಿತ್ತು. ಪ್ರತ್ಯೇಕ ಸ್ಥಾನ ದೊರೆತುದು 1980ರಲ್ಲಿ. 1994ರ ಆವೃತ್ತಿಯಲ್ಲಿ ಒಂದೇ ಗುಂಪಿನೊಳಗೆ 5 ಹೆಸರುಗಳಾದುವು. ನಮ್ಮ ಮೂವರಿಗೆ ಮೂರು ಹೆಸರು: ಸ್ವಲೀನತೆ, ಆಸ್ಪರ್ಗರ್, ರೆಟ್.

ಆದರೆ ಒಂದೇ ಬಗೆಯ ಮಗುವಿಗೆ ಒಂದು ಚಿಕಿತ್ಸಾಲಯ ಒಂದು ಹೆಸರನ್ನೂ, ಇನ್ನೊಂದು ಬೇರೆ ಹೆಸರನ್ನೂ ಕೊಡುತ್ತಿದ್ದುವು. ಕಾಮನಬಿಲ್ಲಿನಲ್ಲಿ ಹಳದಿ ಮುಗಿದು ಹಸಿರು ಮೊದಲಾಗುವೆಡೆ ಗೆರೆಯಿದೆಯೆ? 2013ರಲ್ಲಿ ಮೊದಲಿನ ಇಬ್ಬರನ್ನೂ ‘ಸ್ವಲೀನತೆಯ ರೋಹಿತ’ ಎಂಬ ಒಂದೇ ಹೆಸರಿನಡಿ ತಂದು, ಬೇಕಾಗುವ ನೆರವಿಗನುಸಾರ 3 ಮಟ್ಟಗಳನ್ನಿಟ್ಟರು. ರೆಟ್ ಹೊರಗುಳಿಯಿತು, ಅದಕ್ಕೆ ಕಾರಣವಾದ ಜೀನ್ 1999ರಲ್ಲಿಯೇ ಪತ್ತೆಯಾಗಿತ್ತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯೂ ಇದೇ ಜಾಡನ್ನು ಹಿಡಿದಿದೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ನಮ್ಮ ದೇಶದ 1995ರ ಅಂಗವಿಕಲರ ಕಾನೂನಿನ 7 ವಿಧಗಳಲ್ಲಿ ಬುದ್ಧಿಮಾಂದ್ಯವಿತ್ತು, ಸ್ವಲೀನತೆಯಿರಲಿಲ್ಲ. ಬಸ್ಸಿನ ವೇಳೆ ಹೇಳುವ ಜಾಣನಿಗೆ ಅದರಲ್ಲಿ ಸ್ಥಳವೆಲ್ಲಿಯದು? 2016ರ ಕಾನೂನು 21 ವಿಧಗಳನ್ನು ಎಣಿಸಿ ಸ್ವಲೀನತೆಯನ್ನೂ ಸೇರಿಸಿತು. ಅದನ್ನು ಅಳೆಯಲು ಭಾರತದಲ್ಲಿಯೇ ರೂಪಿಸಿದ ಮಾಪಕವೊಂದರಲ್ಲಿ 40 ಅಂಶಗಳಿವೆ; ಒಂದೊಂದಕ್ಕೂ 1ರಿಂದ 5 ಅಂಕ. 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. 106 ಬಂದ ಮಗುವಿಗೂ 107 ಬಂದ ಮಗುವಿಗೂ ನಡುವೆ ಕಾಮನಬಿಲ್ಲಿನಲ್ಲಿ ಇಲ್ಲದ ಗೆರೆ, ಕಾಗದದ ಮೇಲೆ ಇದೆ.