ಪ್ರೊಪೆಲರ್ ತಿರುಗಲೇಬೇಕು: ಏರ್ ಶೋ ಫೋಟೊಗೆ 7 ಸೂತ್ರಗಳು

ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ಎರಡನೇ ಮಹಾಯುದ್ಧದ ಫೈಟರ್‌ಗಳು ಇಂದಿಗೂ ಹಾರುತ್ತವೆ. ಓದಿಗೋ ಕೆಲಸಕ್ಕೋ ಆ ಕಡೆ ಹೋಗಿದ್ದೀರಾ? ಕ್ಯಾಮೆರಾ ಹಿಡಿದು ಹೊರಡಿ. ‘ನನ್ನ ಕೈಲಾಗುತ್ತಾ?’ ಅನ್ನುವುದು ಬರೀ ಅಭ್ಯಾಸಬಲ. ಇವತ್ತೇ ಬಿಡಿ.

1. ವಿಮಾನವನ್ನು ಮೊದಲೇ ಓದಿಕೊಳ್ಳಿ.
ಸ್ಪಿಟ್‌ಫೈರ್‌ನ ಚೆಲುವು ಅದರ ದೀರ್ಘವೃತ್ತಾಕಾರದ ರೆಕ್ಕೆ. ಪಿ-51 ಮಸ್ಟಾಂಗ್‌ನ ಗುರುತು ಹೊಟ್ಟೆಯಡಿಯ ಏರ್ ಸ್ಕೂಪ್. ಏನು ತೋರಿಸಬೇಕೆಂದು ಗೊತ್ತಿದ್ದರೆ ಯಾವಾಗ ಕ್ಲಿಕ್ಕಿಸಬೇಕೆಂದೂ ಗೊತ್ತಾಗುತ್ತದೆ.

2. ಶಟರ್ ಸ್ಪೀಡ್ ಇಳಿಸಿ.
ಯಲಹಂಕದ ಏರೋ ಇಂಡಿಯಾದಲ್ಲಿ ಜೆಟ್‌ಗಳಿಗೆ 1/2000 ಸರಿ. ಪ್ರೊಪೆಲರ್ ವಿಮಾನಗಳಿಗೆ ಅದೇ ಸೆಟ್ಟಿಂಗ್ ಬೇಡ. ನಿಮಿಷಕ್ಕೆ 1200 ಸುತ್ತು ತಿರುಗುವ ಪ್ರೊಪೆಲರ್ ಅಷ್ಟರಲ್ಲಿ 4 ಡಿಗ್ರಿಯೂ ಸರಿಯುವುದಿಲ್ಲ. ವಿಮಾನ ದಾರಕ್ಕೆ ತೂಗುಹಾಕಿದ ಆಟಿಕೆಯಂತೆ ಕಾಣುತ್ತದೆ. 1/200ರಲ್ಲಿ ಪ್ರೊಪೆಲರ್ 36 ಡಿಗ್ರಿ ತಿರುಗುತ್ತದೆ. 1/250ರಿಂದ ಶುರುಮಾಡಿ, ಕೈ ಪಳಗಿದಂತೆ 1/125ಕ್ಕೆ ಇಳಿಯಿರಿ.

3. ಪ್ಯಾನಿಂಗ್ ರಸ್ತೆಯಲ್ಲೇ ಕಲಿಯಿರಿ.
ಫುಟ್‌ಪಾತ್ ಮೇಲೆ ನಿಂತು ಓಡುವ ಬಸ್ಸು, ಬೈಕುಗಳನ್ನು ಹಿಂಬಾಲಿಸಿ. ಪಾದ ಅಲುಗದಿರಲಿ, ಸೊಂಟ ತಿರುಗಲಿ. ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಿ. ಥಟ್ಟನೆ ನಿಂತರೆ ಫೋಟೊ ಅಲುಗುತ್ತದೆ.

4. ಬಿಸಿಲು ನೋಡಿ ಜಾಗ ಹಿಡಿಯಿರಿ.
ಡಕ್ಸ್‌ಫರ್ಡ್‌ನಲ್ಲಿ ಪ್ರೇಕ್ಷಕರು ರನ್‌ವೇಯ ಉತ್ತರಕ್ಕಿರುತ್ತಾರೆ. ಅಂದರೆ ಮಧ್ಯಾಹ್ನದ ಸೂರ್ಯ ನೇರ ಲೆನ್ಸಿಗೆ! ಬೇಗ ಹೋಗಿ, ಸಾಲಿನ ತುದಿ ಹಿಡಿಯಿರಿ. ಎಕ್ಸ್‌ಪೋಶರ್ ಒಂದು ಸ್ಟಾಪ್ ಏರಿಸಿ. ಇಲ್ಲದಿದ್ದರೆ ಆಕಾಶ ಚೆನ್ನಾಗಿ ಬರುತ್ತದೆ, ವಿಮಾನ ಕಪ್ಪಾಗುತ್ತದೆ.

5. ತಿರುವಿಗೆ ಕಾಯಿರಿ.
ನೇರ ಹೋಗುವಾಗ ಬರೀ ಪಕ್ಕೆ ಕಾಣುತ್ತದೆ. ನಿಮ್ಮತ್ತ ವಾಲಿ ತಿರುಗಿದಾಗ ರೆಕ್ಕೆಯ ಮೇಲ್ಭಾಗ, ಕಾಕ್‌ಪಿಟ್, ಪೈಲಟ್ ತಲೆ ಎಲ್ಲ ಒಟ್ಟಿಗೆ ಸಿಗುತ್ತವೆ. ಬರ್ಸ್ಟ್ ಅಲ್ಲಿಗೆ ಉಳಿಸಿಕೊಳ್ಳಿ.

6. ನಿಂತ ವಿಮಾನವನ್ನೂ ಬಿಡಬೇಡಿ.
ರಿವೆಟ್ ಸಾಲು, ಎಕ್ಸಾಸ್ಟ್ ಹಿಂದೆ ಹರಡಿದ ಮಸಿ, ಸವೆದ ಬಣ್ಣ: ಹತ್ತಿರದಿಂದ ತೆಗೆಯಿರಿ. ಬೆಂಗಳೂರಿನಲ್ಲಿದ್ದರೆ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ಅವರ ತಂಡ ವಿನ್ಯಾಸ ಮಾಡಿದ, 1961ರಲ್ಲಿ ಮೊದಲು ಹಾರಿದ ಮರುತ್ ಫೈಟರ್ ಅಲ್ಲಿದೆ. ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ತರಗತಿ ಇಲ್ಲ.

7. ಅಂದೇ ರಾತ್ರಿ ಅಳಿಸಿ.
ಸ್ಪೀಡ್ ಇಳಿಸಿದರೆ ಬಹುಪಾಲು ಫೋಟೊ ಕೆಡುತ್ತವೆ. ಅದು ಸೋಲಲ್ಲ, ಫೀಸು. ಕಾಕ್‌ಪಿಟ್ ಚೂಪಾಗಿ, ಪ್ರೊಪೆಲರ್ ಮಸುಕಾಗಿ ಬಂದದ್ದನ್ನು ಮಾತ್ರ ಇಟ್ಟುಕೊಳ್ಳಿ. ಅಂಥದ್ದು ಒಂದು ಸಿಕ್ಕಿತೇ? ಮುಂದಿನ ಶೋನಲ್ಲಿ ಶಟರ್ ಇನ್ನೊಂದು ಹೆಜ್ಜೆ ಇಳಿಸಿ.