ಎಣಿಕೆಯೋ ಅಳತೆಯೋ: ಟೈ ರಾಡ್ ಎಂಡ್ ಬದಲಾವಣೆಯ ಒಂದು ಪಾಠ

ತರಗತಿ: 9. ವಿಷಯ: ವೃತ್ತಿ ಶಿಕ್ಷಣ, ಆಟೊಮೊಬೈಲ್. ಅವಧಿ: 40 ನಿಮಿಷಗಳ ಎರಡು ಪಿರಿಯಡ್. ಪಾಠೋಪಕರಣಗಳು: ಗುಜರಿಯಿಂದ ತಂದ ಮಾರುತಿ 800 ಕಾರಿನ ಸ್ಟೀರಿಂಗ್ ನಕಲ್ ಮತ್ತು ಟೈ ರಾಡ್, ಹೊಸದೊಂದು ಟೈ ರಾಡ್ ಎಂಡ್, ಬೆಂಚ್ ವೈಸ್, ಸ್ಪ್ಯಾನರ್‌ಗಳು, ಸುತ್ತಿಗೆ, ಉಕ್ಕಿನ ಅಳತೆಪಟ್ಟಿ.

ಈ ಕೆಲಸವನ್ನು ನಾನು ಮನೆಯಂಗಳದಲ್ಲಿ ಒಮ್ಮೆ ಮಾಡಿದ್ದೆ. ಹಾಗಾಗಿ ಕ್ರಮ ತಪ್ಪದೆ ಹೇಳಿದರೆ ಪಾಠ ಗೆದ್ದಂತೆ ಎಂದುಕೊಂಡಿದ್ದೆ. ಜ್ಯಾಕ್ ಹಾಕಿದ ಕಾರಿನ ಬಳಿಗೆ ಮಕ್ಕಳನ್ನು ಬಿಡುವುದು ಸರಿಯಲ್ಲವೆಂದು ಬಿಡಿಭಾಗಗಳನ್ನು ವೈಸ್‌ಗೆ ಬಿಗಿದು ಪ್ರಾತ್ಯಕ್ಷಿಕೆ ಮಾಡಿದೆ. ಈ ತೀರ್ಮಾನದ ಬಗ್ಗೆ ನನಗೆ ಈಗಲೂ ಬೇಸರವಿಲ್ಲ.

ಪೀಠಿಕೆಗೆ ಭುಜದ ಕೀಲು ನೆರವಾಯಿತು. ಗುಂಡು ಮತ್ತು ಗುಳಿಯ ಕೀಲನ್ನು ಮಕ್ಕಳು ವಿಜ್ಞಾನದಲ್ಲಿ ಓದಿದ್ದರು. ಟೈ ರಾಡ್ ಎಂಡ್ ಕೂಡ ಅಂಥದ್ದೇ ಕೀಲು. ಸ್ಟೀರಿಂಗ್‌ನ ಎಳೆತ ತಳ್ಳುವಿಕೆಯನ್ನು ಚಕ್ರ ಹೊತ್ತಿರುವ ನಕಲ್‌ಗೆ ತಲುಪಿಸುತ್ತದೆ. ರಬ್ಬರ್ ಚೀಲ ಹರಿದು ಗ್ರೀಸ್ ಹೋಗಿ ಧೂಳು ಸೇರಿದರೆ ಗುಂಡು ಸವೆಯುತ್ತದೆ. ಪತ್ತೆ ಹೇಗೆ? ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಅಲುಗಿಸಬೇಕು. ಅಲ್ಲಿ ಸಡಿಲವಿದ್ದರೆ ಮೊದಲ ಅನುಮಾನ ಟೈ ರಾಡ್ ಮೇಲೆ. 12 ಮತ್ತು 6ರಲ್ಲೂ ಅಲುಗಿದರೆ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್ ನೋಡಬೇಕು.

ಮುಂದಿನ ಹಂತಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಕಾರು ನೆಲದ ಮೇಲಿರುವಾಗಲೇ ಚಕ್ರದ ನಟ್ ಸಡಿಲಿಸುವುದು, ಹಿಂದಿನ ಚಕ್ರಗಳಿಗೆ ಅಡ್ಡ ಇಡುವುದು, ಜ್ಯಾಕ್ ನಂಬದೆ ಸ್ಟ್ಯಾಂಡ್ ಕೊಡುವುದು, ಚಕ್ರ ತೆಗೆಯುವುದು. ಬಳಿಕ ಲಾಕ್ ನಟ್ಟನ್ನು ಕಾಲು ಸುತ್ತು ಮಾತ್ರ ಸಡಿಲಿಸಿ, ಕಾಟರ್ ಪಿನ್ ಎಳೆದು, ಮೇಲಿನ ನಟ್ಟನ್ನು ತುದಿಯವರೆಗೆ ತಂದು ಅಲ್ಲೇ ಬಿಡಬೇಕು. ಗುಂಡಿನ ಕಡ್ಡಿ ಓರೆಯಾಗಿರುವುದರಿಂದ ನಕಲ್‌ನ ರಂಧ್ರದಲ್ಲಿ ಬೆಣೆಯಂತೆ ಕಚ್ಚಿಕೊಂಡಿರುತ್ತದೆ. ಕಡ್ಡಿಯ ತಲೆಗೆ ಹೊಡೆದರೆ ಮರೆ ಹಾಳು. ರಂಧ್ರವಿರುವ ತೋಳಿನ ಪಕ್ಕಕ್ಕೆ ಗಟ್ಟಿಯಾಗಿ ಹೊಡೆದರೆ ಹಿಡಿತ ಬಿಟ್ಟು ಕಡ್ಡಿ ಕೆಳಗೆ ಜಾರುತ್ತದೆ. ಇದನ್ನು ಮೂವರು ಮಕ್ಕಳು ಮಾಡಿ ನೋಡಿದರು. ಇಡೀ ಪಾಠದಲ್ಲಿ ತರಗತಿ ಎದ್ದು ನಿಂತದ್ದು ಆಗಲೇ.

ಆಮೇಲೆ ನಾನು, "ಹಳೆಯದನ್ನು ತಿರುಗಿಸಿ ತೆಗೆಯುವಾಗ ಸುತ್ತು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ" ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದ. "ಸರ್, ನಮ್ಮ ಮಾವ ಎಣಿಸಲ್ಲ, ಅಳೀತಾರೆ." ಸಮಯ ಮೀರುತ್ತಿತ್ತು. "ಈಗ ಎಣಿಸುವುದನ್ನೇ ಕಲಿಯೋಣ" ಎಂದು ಕೂರಿಸಿಬಿಟ್ಟೆ. ಮೌಲ್ಯಮಾಪನದಲ್ಲಿ ಎಲ್ಲರೂ "ಸುತ್ತು ಎಣಿಸಬೇಕು" ಎಂದು ಸರಿಯಾಗಿ ಬರೆದರು. ಏಕೆ ಎಂಬುದಕ್ಕೆ ಒಬ್ಬರೂ ಉತ್ತರಿಸಲಿಲ್ಲ. ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಬರೆದದ್ದು ಇಷ್ಟೇ: ಆ ಹುಡುಗನ ಮಾತನ್ನು ಪರೀಕ್ಷಿಸಿ.

ಸಂಜೆ ಎರಡೂ ತುಂಡುಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಹೊಸದು ಬೇರೆ ತಯಾರಿಕೆಯದು. ಮರೆಯ ಅಂಚಿನಿಂದ ಗುಂಡಿನ ನಡುವಿಗೆ 2 ಮಿ.ಮೀ. ಉದ್ದ ಹೆಚ್ಚು. ಅಂದರೆ ಎಣಿಕೆ ಎಷ್ಟೇ ಸರಿಯಿದ್ದರೂ ಉದ್ದ ತಪ್ಪುತ್ತಿತ್ತು. ಹುಡುಗನ ಮಾವನ ಕ್ರಮವೇ ಮೇಲು.

ಎರಡನೇ ಪಿರಿಯಡ್ ಅವನಿಂದಲೇ ಆರಂಭಿಸಿದೆ. ಗುಂಡಿನ ನಡುವಿನಿಂದ ರಾಡಿನ ಮೇಲೆ ಗೀರಿದ ಗುರುತಿನವರೆಗೆ ಅಳೆಯುವುದನ್ನು ಅವನು ತೋರಿಸಿದ. ನಂತರ ಲೆಕ್ಕಕ್ಕೆ ಬಂದೆವು. ಒಂದು ಬೋಲ್ಟ್‌ನ ಮೇಲೆ ನಟ್ಟನ್ನು 10 ಸುತ್ತು ತಿರುಗಿಸಿದಾಗ ಅದು ಸರಿದದ್ದು 12.5 ಮಿ.ಮೀ.; ಒಂದು ಸುತ್ತಿಗೆ 1.25. ನಕಲ್‌ನ ತೋಳು 120 ಮಿ.ಮೀ. ಎಂದಿಟ್ಟುಕೊಳ್ಳೋಣ. 12 ಅಂಗುಲದ ರಿಮ್ಮಿನ ಅಡ್ಡಳತೆ ಸುಮಾರು 305 ಮಿ.ಮೀ., ಅಂದರೆ ತೋಳಿನ ಎರಡೂವರೆ ಪಟ್ಟು. ಹಾಗಾದರೆ ರಾಡಿನಲ್ಲಿ 2 ಮಿ.ಮೀ. ತಪ್ಪಿದರೆ ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚುಗಳ ನಡುವೆ 5 ಮಿ.ಮೀ. ವ್ಯತ್ಯಾಸ. ಚಕ್ರ ಓರೆಯಾಗಿ ಉಜ್ಜುತ್ತಾ ಓಡುತ್ತದೆ, ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಅನುಪಾತದ ಲೆಕ್ಕವೆಂದರೆ ಮುಖ ತಿರುಗಿಸುವ ಇಬ್ಬರು ಇದನ್ನು ತಾವೇ ಬಿಡಿಸಿದರು.

ಅಳತೆಪಟ್ಟಿಯೂ ಅಂದಾಜೇ ಎಂಬುದನ್ನು ಅಲ್ಲಿಯೇ ಹೇಳಬೇಕಾಯಿತು. ಮನೆಯಲ್ಲಿ ಮಾಡಿದ ಕೆಲಸ ವೀಲ್ ಅಲೈನ್‌ಮೆಂಟ್ ಯಂತ್ರದವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಸಾಕು, ಅಷ್ಟೆ.

ಪರಿಷ್ಕರಿಸಿದ ಯೋಜನೆಯಲ್ಲಿ ಎಣಿಕೆಯನ್ನು ತೆಗೆದಿಲ್ಲ, ಅಳತೆಯ ನಂತರದ ತಾಳೆಯಾಗಿ ಇಟ್ಟಿದ್ದೇನೆ. ಹಂತಗಳ ಪಟ್ಟಿಯನ್ನು ಅರ್ಧಕ್ಕೆ ಇಳಿಸಿದ್ದೇನೆ. ಮೌಲ್ಯಮಾಪನಕ್ಕೆ ಈಗ ಒಂದೇ ಪ್ರಶ್ನೆ: ಹೇಳಿದ ಬಿಗಿತಕ್ಕೆ ನಟ್ ತಿರುಗಿಸಿದ ಮೇಲೆ ಕಾಟರ್ ಪಿನ್ನಿನ ರಂಧ್ರ ಎದುರಾಗದಿದ್ದರೆ, ನಟ್ಟನ್ನು ಸಡಿಲಿಸುವಿರೋ ಇನ್ನಷ್ಟು ಬಿಗಿಯುವಿರೋ? ಕಾರಣ ಬರೆಯಿರಿ. "ಬಿಗಿಯುತ್ತೇವೆ, ಸಡಿಲಿಸಿದರೆ ಬೆಣೆಯ ಹಿಡಿತ ಹೋಗುತ್ತದೆ" ಎಂದು ಬರೆದವರು ಸುತ್ತಿಗೆ ಹಿಡಿದಿದ್ದ ಆ ಮೂವರು, ಮತ್ತು ಹಿಂದಿನ ಬೆಂಚಿನ ಹುಡುಗ.