ಟೆಕ್ಸ್ಟ್ ದಾಖಲೆ: ವ್ಯಾಪಾರದ ಇ-ಮೇಲ್‌ಗೆ ಬೇಕಾದ ರಹದಾರಿ

ಉಳವಿಯ ಚನ್ನಬಸವಣ್ಣನವರ ಜಾತ್ರೆ ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುತ್ತದೆ. ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಕಾರಿನಲ್ಲಿ ಬರುವವರು ಮೊದಲೇ ಅಂತರ್ಜಾಲದ ಮೂಲಕ ಕೋಣೆ ಕಾಯ್ದಿರಿಸಲು ಬಯಸುತ್ತಾರೆ. ಜೋಯಿಡಾ ತಾಲ್ಲೂಕಿನಲ್ಲಿ ಹೋಂ ಸ್ಟೇ ನಡೆಸುವ ಒಬ್ಬ ಉದ್ಯಮಿ ಇಂತಹ ಗ್ರಾಹಕರಿಗಾಗಿ ಸ್ವಂತ ಹೆಸರಿನ ಜಾಲತಾಣ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳಬಹುದು. ಕೋರಿಕೆ ಬಂದೊಡನೆ ಜಾಲತಾಣವೇ ದೃಢೀಕರಣ ಪತ್ರ ಕಳುಹಿಸುತ್ತದೆ. ಆದರೆ ಆ ಪತ್ರ ಗ್ರಾಹಕರ ಇನ್‌ಬಾಕ್ಸ್ ತಲುಪದೆ ಸ್ಪ್ಯಾಮ್ ಕಡತಕ್ಕೆ ಬೀಳುತ್ತದೆ. ಕಾಡಿನ ನಡುವೆ ಮೊಬೈಲ್ ಸಂಕೇತ ಎಲ್ಲೆಡೆ ಸಿಗದಿರುವುದರಿಂದ ಫೋನೂ ತಾಗುವುದಿಲ್ಲ. ಕೋಣೆ ಇಲ್ಲವೆಂದು ತಿಳಿದ ಗ್ರಾಹಕರು ದಾಂಡೇಲಿಯಲ್ಲಿಯೇ ಇಳಿದುಕೊಳ್ಳುತ್ತಾರೆ. ಹಳಿಯಾಳದ ಸಣ್ಣ ಕಾರ್ಖಾನೆಯೊಂದು ಪುಣೆಗೆ ಕಳುಹಿಸಿದ ದರಪಟ್ಟಿಗೂ ಇದೇ ಗತಿಯಾಗಬಹುದು.

ಇದಕ್ಕೆ ಹಲವು ವೇಳೆ ಕಾರಣವಾಗುವುದು ಡೊಮೇನ್ ಹೆಸರಿನ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಇಲ್ಲದಿರುವ ಎರಡು ಮೂರು ಸಾಲುಗಳು. ಡಿಎನ್‌ಎಸ್ ಎಂಬುದು ಅಂತರ್ಜಾಲದ ಹೆಸರು-ವಿಳಾಸಗಳ ದಫ್ತರು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಅವರು ರೂಪಿಸಿದ ಈ ಏರ್ಪಾಡಿನಲ್ಲಿ ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಬಗೆಯ ದಾಖಲೆ ಇದೆ. ‘ಎ’ ದಾಖಲೆ ಜಾಲತಾಣ ಇರುವ ಸರ್ವರನ್ನು ತೋರಿಸುತ್ತದೆ. ‘ಎಂಎಕ್ಸ್’ ದಾಖಲೆ ಇ-ಮೇಲ್ ಎಲ್ಲಿಗೆ ಬರಬೇಕೆಂಬುದನ್ನು ಹೇಳುತ್ತದೆ. ‘ಟಿಎಕ್ಸ್‌ಟಿ’ ಅಥವಾ ಟೆಕ್ಸ್ಟ್ ದಾಖಲೆಯಲ್ಲಿ ಯಾವ ಒಕ್ಕಣೆಯನ್ನಾದರೂ ಬರೆದಿಡಬಹುದು. ಹೀಗೆ ಷರಾ ಬರೆಯಲೆಂದು ಇದ್ದ ಈ ಜಾಗವೇ ಇಂದು ಇ-ಮೇಲ್‌ನ ಸಾಚಾತನವನ್ನು ಸಾರುವ ಸ್ಥಳವಾಗಿದೆ.

2024ರ ಫೆಬ್ರವರಿಯಿಂದ ಈ ವಿಷಯ ಐಚ್ಛಿಕವಾಗಿ ಉಳಿದಿಲ್ಲ. ಜಿಮೇಲ್ ಖಾತೆಗಳಿಗೆ ಪತ್ರ ಕಳುಹಿಸುವ ಪ್ರತಿಯೊಬ್ಬರೂ ಎಸ್‌ಪಿಎಫ್ ಅಥವಾ ಡಿಕೆಐಎಂ ಎಂಬ ಎರಡರಲ್ಲಿ ಒಂದನ್ನಾದರೂ ಅಳವಡಿಸಿರಬೇಕೆಂದು ಗೂಗಲ್ ಕಡ್ಡಾಯಗೊಳಿಸಿತು. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಈ ಎರಡರ ಜೊತೆಗೆ ಡಿಎಂಎಆರ್‌ಸಿ ಕೂಡ ಬೇಕು. ಸಣ್ಣ ವ್ಯಾಪಾರಿ ಅಷ್ಟೊಂದು ಪತ್ರ ಬರೆಯುವುದಿಲ್ಲವಾದರೂ ಮೂರನ್ನೂ ಹಾಕಿಸಿಕೊಳ್ಳುವುದು ಲೇಸು. ದಾಖಲೆ ಸೇರಿಸುವುದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕವೂ ಇರುವುದಿಲ್ಲ.

ನಾಕೆಯ ಹೋಲಿಕೆ

ಕಾಳಿ ಕಣಿವೆಯ ವರ್ತಕರಿಗೆ ಈ ಮೂರನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ದಾಂಡೇಲಿಯ ನಾಟಾ ಡಿಪೊದಿಂದ ಹೊರಡುವ ಲಾರಿಯನ್ನು ಅರಣ್ಯ ನಾಕೆಯಲ್ಲಿ ತಡೆದು ನೋಡುವ ಕ್ರಮವೇ ಸಾಕು. ಲಾರಿಯ ನಂಬರು ರಹದಾರಿಯಲ್ಲಿ ಇದೆಯೇ ಎಂದು ನೋಡುವುದು ಎಸ್‌ಪಿಎಫ್. ದಿಮ್ಮಿಯ ಮೇಲೆ ಹೊಡೆದ ಸುತ್ತಿಗೆಯ ಮುದ್ರೆ ಅಸಲಿಯೇ ಎಂದು ಪರೀಕ್ಷಿಸುವುದು ಡಿಕೆಐಎಂ. ಇವೆರಡೂ ಹೊಂದದಿದ್ದರೆ ಲಾರಿಯನ್ನು ಬಿಡಬೇಕೇ, ಬದಿಗೆ ನಿಲ್ಲಿಸಬೇಕೇ, ಹಿಂದಕ್ಕೆ ಕಳುಹಿಸಬೇಕೇ ಎಂದು ಮಾಲೀಕನೇ ನಾಕೆಗೆ ಬರೆದುಕೊಟ್ಟ ಸೂಚನೆ ಡಿಎಂಎಆರ್‌ಸಿ. ಕೊನೆಯ ಮಾತಿನಲ್ಲಿ ಹೋಲಿಕೆ ತುಸು ಕುಂಟುತ್ತದೆ. ಅರಣ್ಯ ನಾಕೆ ಮಾಲೀಕನ ಸೂಚನೆಗೆ ಕಾಯುವುದಿಲ್ಲ!

ಎಸ್‌ಪಿಎಫ್ ದಾಖಲೆಯ ಸಾಲು ‘ವಿ=ಎಸ್‌ಪಿಎಫ್1’ ಎಂದು ಆರಂಭವಾಗುತ್ತದೆ. ಅನಂತರ ‘ಇನ್‌ಕ್ಲೂಡ್’ ಎಂಬ ಪದ, ವಿವರಣ ಚಿಹ್ನೆ ಮತ್ತು ಇ-ಮೇಲ್ ಸೇವೆ ಒದಗಿಸುವವರು ತಿಳಿಸಿದ ಹೆಸರು ಬರುತ್ತವೆ. ಕೊನೆಯಲ್ಲಿ ‘ಆಲ್’ ಎಂಬ ಪದವಿರುತ್ತದೆ. ಅದರ ಹಿಂದೆ ಅಲೆಯಂತಹ ಗೆರೆ ಇದ್ದರೆ ‘ಪಟ್ಟಿಯಲ್ಲಿಲ್ಲದ ಸರ್ವರಿನಿಂದ ಬಂದುದನ್ನು ಸಂಶಯದಿಂದ ನೋಡಿ’ ಎಂದೂ, ಕಳೆಯುವ ಚಿಹ್ನೆ ಇದ್ದರೆ ‘ಅದು ನಮ್ಮದಲ್ಲ’ ಎಂದೂ ಅರ್ಥ. ಕೂಡುವ ಚಿಹ್ನೆ ಹಾಕಿದರೆ ಲೋಕದ ಯಾವ ಸರ್ವರ್ ಬೇಕಾದರೂ ಆ ಹೆಸರಿನಲ್ಲಿ ಪತ್ರ ಕಳುಹಿಸಬಹುದೆಂದು ಒಪ್ಪಿಗೆ ಕೊಟ್ಟಂತೆ. ಇವನ್ನೆಲ್ಲ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿಯೇ, ಸೇವಾದಾರರು ಕೊಟ್ಟಂತೆ ಒಂದಕ್ಷರವೂ ಬದಲಾಗದೆ ನಮೂದಿಸಬೇಕು.

ಮೇಲಿನ ಹೋಂ ಸ್ಟೇಯ ತೊಡಕು ಸಾಮಾನ್ಯವಾಗಿ ಇರುವುದು ಇಲ್ಲಿಯೇ. ಮಾಲೀಕರು ತಾವು ಬರೆಯುವ ಪತ್ರಗಳನ್ನು ಒಂದು ಕಂಪನಿಯ ಇ-ಮೇಲ್ ಸೇವೆಯಿಂದ ಕಳುಹಿಸುತ್ತಾರೆ. ದೃಢೀಕರಣ ಪತ್ರವನ್ನು ಕಳುಹಿಸುವುದು ಜಾಲತಾಣವಿರುವ ಬೇರೊಂದು ಸರ್ವರ್. ರಹದಾರಿಯಲ್ಲಿ ಮೊದಲನೆಯದರ ಹೆಸರು ಮಾತ್ರ ಇರುತ್ತದೆ. ಆದ್ದರಿಂದ ದಾಖಲೆಗೆ ಕೈಹಾಕುವ ಮೊದಲು ತಮ್ಮ ಹೆಸರಿನಲ್ಲಿ ಯಾರು ಯಾರು ಪತ್ರ ಕಳುಹಿಸುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಜಾಲತಾಣ, ಬಿಲ್ಲಿಂಗ್ ತಂತ್ರಾಂಶ, ಹಬ್ಬದ ಶುಭಾಶಯ ಕಳುಹಿಸುವ ಪ್ರಚಾರ ಸೇವೆ ಎಲ್ಲವೂ ಅದರಲ್ಲಿ ಇರಬೇಕು.

ಡಿಕೆಐಎಂ ವಿಷಯದಲ್ಲಿ ವ್ಯಾಪಾರಿಯ ಕೆಲಸ ಕಡಿಮೆ. ಮುದ್ರೆ ಹೊಡೆಯುವ ಗುಪ್ತ ಕೀಲಿ ಇ-ಮೇಲ್ ಸೇವೆಯ ಬಳಿ ಇರುತ್ತದೆ. ಮುದ್ರೆಯನ್ನು ಪರೀಕ್ಷಿಸುವ ಬಹಿರಂಗ ಕೀಲಿಯನ್ನು ಮಾತ್ರ ಟೆಕ್ಸ್ಟ್ ದಾಖಲೆಯಲ್ಲಿ ಪ್ರಕಟಿಸಬೇಕು. ಟೆಕ್ಸ್ಟ್ ದಾಖಲೆಯ ಒಂದು ತುಣುಕಿನಲ್ಲಿ 255 ಅಕ್ಷರಗಳಷ್ಟೇ ಹಿಡಿಯುವುದರಿಂದ 2048 ಬಿಟ್‌ನ ಕೀಲಿಯನ್ನು ತುಂಡು ಮಾಡಿ ಹಾಕಬೇಕಾಗುತ್ತದೆ. ಹಲವು ಕಂಪನಿಗಳ ಪರದೆ ಈ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ.

ದಾಖಲೆ ಸೇರಿಸುವ ಬಗೆ

ಡೊಮೇನ್ ಕೊಂಡ ಕಡೆಯಲ್ಲಿಯೇ ಅದರ ಡಿಎನ್‌ಎಸ್ ಇರಬೇಕೆಂದಿಲ್ಲ. ‘ನೇಮ್ ಸರ್ವರ್’ ಯಾರದೆಂದು ಮೊದಲು ನೋಡಬೇಕು. ದಾಖಲೆಯನ್ನು ಅಲ್ಲಿಯೇ ಸೇರಿಸಬೇಕು. ಬೇರೆ ಕಡೆ ಎಷ್ಟು ತಿದ್ದಿದರೂ ಜಗತ್ತಿಗೆ ಕಾಣುವುದಿಲ್ಲ. ಇದನ್ನು ತಿಳಿಯದೆ ದಿನಗಟ್ಟಲೆ ಕಾದು ಕುಳಿತವರು ಬಹಳ. ಪುಟ ತೆರೆದ ಮೇಲೆ ಇರುವ ದಾಖಲೆಗಳನ್ನೆಲ್ಲ ಒಂದು ಫೋಟೊ ತೆಗೆದಿಟ್ಟುಕೊಳ್ಳತಕ್ಕದ್ದು. ಕೈತಪ್ಪಿ ಎಂಎಕ್ಸ್ ದಾಖಲೆ ಅಳಿಸಿದರೆ ಬರುವ ಪತ್ರಗಳೇ ನಿಂತುಹೋಗುತ್ತವೆ.

ಅನಂತರ ‘ಟಿಎಕ್ಸ್‌ಟಿ’ ಬಗೆಯನ್ನು ಆರಿಸಬೇಕು. ‘ಹೋಸ್ಟ್’ ಎಂಬ ಅಂಕಣದಲ್ಲಿ ಎಸ್‌ಪಿಎಫ್‌ಗೆ ‘@’ ಚಿಹ್ನೆ ಹಾಕುವುದು ವಾಡಿಕೆ. ಡಿಎಂಎಆರ್‌ಸಿಗೆ ಅಡಿಗೆರೆಯೊಂದಿಗೆ ‘ಡಿಮಾರ್ಕ್’ ಎಂಬ ಹೆಸರು. ಅಲ್ಲಿ ಡೊಮೇನ್‌ನ ಪೂರ್ಣ ಹೆಸರನ್ನು ಬರೆದರೆ ಕೆಲವು ಪರದೆಗಳು ಅದನ್ನು ಮತ್ತೊಮ್ಮೆ ಜೋಡಿಸಿ ಹೆಸರನ್ನು ಇಮ್ಮಡಿ ಮಾಡಿಬಿಡುತ್ತವೆ. ‘ಟಿಟಿಎಲ್’ ಎಂಬುದು ಹಳೆಯ ಉತ್ತರವನ್ನು ಇತರರು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದೆಂಬ ಅವಧಿ. 3600 ಎಂದರೆ ಒಂದು ಗಂಟೆ.

ಎಸ್‌ಪಿಎಫ್ ಸಾಲು ಒಂದು ಡೊಮೇನ್‌ಗೆ ಒಂದೇ ಇರಬೇಕು. ಹೊಸ ಸೇವೆ ಸೇರಿದಾಗ ಎರಡನೆಯ ಸಾಲು ಹಾಕುವುದು ಅತಿ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದರೆ ಎರಡೂ ನಿರರ್ಥಕವಾಗುತ್ತವೆ. ಹೊಸ ಹೆಸರನ್ನು ಹಳೆಯ ಸಾಲಿನೊಳಗೇ ಸೇರಿಸಬೇಕು. ಆ ಒಂದು ಸಾಲನ್ನು ಪರಿಶೀಲಿಸಲು ಬೇಕಾಗುವ ಡಿಎನ್‌ಎಸ್ ವಿಚಾರಣೆಗಳು 10ನ್ನು ಮೀರುವಂತಿಲ್ಲ.

ಡಿಎಂಎಆರ್‌ಸಿಯಲ್ಲಿ ಅವಸರ ಸಲ್ಲದು. ಮೊದಲು ಧೋರಣೆಯನ್ನು ‘ನನ್’ ಎಂದಿಟ್ಟು ವರದಿ ತರಿಸಿಕೊಳ್ಳಬೇಕು. ತಮ್ಮವೇ ಪತ್ರಗಳು ಎಲ್ಲಿಯೂ ಸೋಲುತ್ತಿಲ್ಲವೆಂದು ಖಚಿತವಾದ ಮೇಲೆ ‘ಕ್ವಾರಂಟೈನ್’, ಕೊನೆಗೆ ‘ರಿಜೆಕ್ಟ್’. ಮೊದಲ ದಿನವೇ ‘ರಿಜೆಕ್ಟ್’ ಹಾಕಿದ ಅಂಗಡಿಯ ಬಿಲ್ಲುಗಳೇ ತಿರಸ್ಕೃತವಾಗುವ ಸಂಭವವಿದೆ.

ಫಲಿತಾಂಶ ನೋಡಲು ಒಂದು ಜಿಮೇಲ್ ವಿಳಾಸಕ್ಕೆ ಪತ್ರ ಕಳುಹಿಸಿ, ಗಣಕಯಂತ್ರದಲ್ಲಿ ಅದನ್ನು ತೆರೆದು ‘ಶೋ ಒರಿಜಿನಲ್’ ಆರಿಸಿದರೆ ಸಾಕು. ಮೂರೂ ಹೆಸರುಗಳ ಮುಂದೆ ‘ಪಾಸ್’ ಎಂದಿರಬೇಕು. ಜಾಲತಾಣದ ಮೂಲಕ ಹೊರಡುವ ಪತ್ರವನ್ನೂ ಹೀಗೆಯೇ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಕೀಲಿ ಯಾರ ಕೈಯಲ್ಲಿ?

ಇಷ್ಟೆಲ್ಲ ತಿಳಿದರೂ ಕೆಲವರಿಗೆ ದಾಖಲೆ ಸೇರಿಸಲು ಆಗುವುದಿಲ್ಲ. ಡೊಮೇನ್ ಇರುವುದು ಜಾಲತಾಣ ಮಾಡಿಕೊಟ್ಟವರ ಹೆಸರಿನಲ್ಲಿ, ಪಾಸ್‌ವರ್ಡ್ ಇರುವುದೂ ಅವರ ಬಳಿ. ಅವರು ವೃತ್ತಿ ಬಿಟ್ಟರೆ ಅಥವಾ ಹಣದ ವಿಷಯದಲ್ಲಿ ಮನಸ್ತಾಪ ಬಂದರೆ ಅಂಗಡಿಯ ಹೆಸರೇ ಪರಾಧೀನವಾಗುತ್ತದೆ. ಅಂಗಡಿಯ ಲೈಸೆನ್ಸನ್ನು ಬೇರೊಬ್ಬರ ಹೆಸರಿನಲ್ಲಿ ಮಾಡಿಸದ ವರ್ತಕರು ಡೊಮೇನನ್ನು ಮಾತ್ರ ಹಾಗೆ ಬಿಟ್ಟಿರುವುದು ಆಶ್ಚರ್ಯ. ನೋಂದಣಿಯಲ್ಲಿ ಮಾಲೀಕರ ಹೆಸರು, ಇ-ಮೇಲ್, ಮೊಬೈಲ್ ಸಂಖ್ಯೆ ಇರುವಂತೆ ಈಗಲೇ ಬದಲಾಯಿಸಿಕೊಳ್ಳುವುದು ಕ್ಷೇಮ.

ಈ ಮೂರು ದಾಖಲೆಗಳು ತಡೆಯುವುದು ಪರರು ಅದೇ ಡೊಮೇನ್ ಹೆಸರನ್ನು ಬಳಸಿ ಸುಳ್ಳು ಪತ್ರ ಬರೆಯುವುದನ್ನು ಮಾತ್ರ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಇಲ್ಲಿಗೆ ಕಳುಹಿಸಿ’ ಎಂಬ ನಕಲಿ ಪತ್ರ ಒಂದಕ್ಷರ ವ್ಯತ್ಯಾಸವಿರುವ ಬೇರೆ ಡೊಮೇನಿನಿಂದ ಬಂದರೆ, ಅಥವಾ ಕದ್ದ ಪಾಸ್‌ವರ್ಡಿನಿಂದ ಅಸಲಿ ಖಾತೆಯಿಂದಲೇ ಹೊರಟರೆ, ಎಲ್ಲ ಪರೀಕ್ಷೆಗಳಲ್ಲಿಯೂ ಅದು ‘ಪಾಸ್’ ಆಗಬಹುದು. ಖಾತೆ ಬದಲಾವಣೆಯ ಸೂಚನೆ ಬಂದಾಗ ಮೊದಲಿನಿಂದ ತಿಳಿದಿರುವ ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಬೇಕು. ಪತ್ರದಲ್ಲಿ ಕೊಟ್ಟ ಸಂಖ್ಯೆಗೆ ಅಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೂ ತಿಳಿಸಬೇಕು.